ನಂಜು ಯಾರದು?

ಶಿವಮೊಗ್ಗದ ಆಸ್ಪತ್ರೆಯಿಂದ ಅಕ್ಕನನ್ನೂ ಮಗುವನ್ನೂ ಭದ್ರಾವತಿಯ ಮನೆಗೆ ಕರೆತಂದ ಮರುದಿನ ಬೆಳಿಗ್ಗೆ, ಎಣ್ಣೆ ಹಚ್ಚಲು ಮಗುವಿನ ಬಟ್ಟೆ ಬಿಚ್ಚಿದ ಅಜ್ಜಿ ಹಾಗೇ ಕೂತುಬಿಟ್ಟಳು. ಬಚ್ಚಲ ಹಂಡೆಯಲ್ಲಿ ನೀರು ಕಾದಿತ್ತು. ಹುಟ್ಟಿ ಮೂರು ದಿನವಾಗಿದ್ದ ಕೂಸಿನ ಎದೆ, ಹೊಟ್ಟೆ, ತೊಡೆಯ ಮೇಲೆಲ್ಲ ಕೆಂಪು ಮಚ್ಚೆಗಳು ಎದ್ದಿದ್ದವು. ಕೆಲವದರ ನಟ್ಟನಡುವೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಹಳದಿ ಗುಳ್ಳೆ. ಸೊಳ್ಳೆ ಕಚ್ಚಿದೆ ಎಂದು ನಾನು ಅಂದುಕೊಂಡೆ. ಅಜ್ಜಿ ಮಗುವನ್ನು ಮುಟ್ಟದೆ ಅಕ್ಕನ ಕಡೆ ತಿರುಗಿ ಕೇಳಿದಳು: "ಆಸ್ಪತ್ರೆಲಿ ಏನು ತಿಂದೆ?"

ಅಕ್ಕ ಯೋಚಿಸಿ ಹೇಳಿದಳು. ಭಾವ ತಂದ ಇಡ್ಲಿ, ಸಾಂಬಾರು. ಸಾಂಬಾರಿನಲ್ಲಿ ಬದನೆಕಾಯಿ ಇತ್ತು.

"ಅದೇ ಮತ್ತೆ. ನಂಜು. ನಿನ್ನ ಹಾಲಲ್ಲಿ ಇಳಿದು ಕೂಸಿನ ಮೈಮೇಲೆ ಎದ್ದಿದೆ."

ಅವತ್ತಿನಿಂದ ಅಕ್ಕನ ತಟ್ಟೆ ಸಣ್ಣದಾಯಿತು. ಬದನೆ, ಕುಂಬಳ, ಹಲಸು ನಮ್ಮಲ್ಲಿ ಬಾಣಂತಿಗೆ ಮೊದಲೇ ಇಲ್ಲ. ಈಗ ಬೇಳೆ ಹೋಯಿತು, ಸೊಪ್ಪು ಹೋಯಿತು, ನೀರೂ ಲೆಕ್ಕದ ಲೋಟವಾಯಿತು. ಬಿಸಿ ಅನ್ನ, ತುಪ್ಪ, ಕಾಳುಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಇಷ್ಟೇ. ಮಗುವಿನ ಮೈಮೇಲಿನ ಒಂದೊಂದು ಮಚ್ಚೆಗೂ ಅಕ್ಕನ ಊಟದಿಂದ ಒಂದೊಂದು ಪದಾರ್ಥ ಕಳೆಯುತ್ತಿದೆ ಎಂದು ನನಗೆ ಅನ್ನಿಸಿತು. ಸಂಜೆಯ ಹೊತ್ತಿಗೆ ಅವಳು ಗೋಡೆ ಕಡೆ ಮುಖ ಮಾಡಿ ಅಳುತ್ತಿದ್ದಳು. ಹಸಿವಿಗಿಂತ ಹೆಚ್ಚಾಗಿ, ಮಗುವಿಗೆ ತಾನೇ ವಿಷ ಕುಡಿಸಿದೆ ಎಂಬ ಮಾತು ಅವಳನ್ನು ತಿನ್ನುತ್ತಿತ್ತು.

ನಾನು ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ, ಇತಿಹಾಸದ ಸಂಶೋಧನಾ ವಿದ್ಯಾರ್ಥಿನಿ. ಮೈಸೂರು ಸಂಸ್ಥಾನದಲ್ಲಿ ಸಿಡುಬಿಗೆ ಮೈಲಿ ಹಾಕಿದ ಕತೆ ನನ್ನ ಪ್ರಬಂಧದ ವಿಷಯ. ಕೂಸುಗಳ ಚರ್ಮದ ಬಗ್ಗೆ ಹಳೆಯ ಕಾಗದಗಳಲ್ಲಿ ಸಾಕಷ್ಟು ಓದಿದ್ದೆ. ಮನೆಯ ಕೂಸಿನ ಚರ್ಮ ಎದುರಿಗೆ ಬಂದಾಗ ಬಾಯಿ ಕಟ್ಟಿಹೋಯಿತು. "ನಿನಗೇನು ಗೊತ್ತು, ಮದುವೆಯಾಗಿದೆಯಾ, ಮಕ್ಕಳಾಗಿದೆಯಾ?" ಎಂದರೆ ಯಾವ ಆಕರ ಗ್ರಂಥವೂ ನೆರವಿಗೆ ಬರುವುದಿಲ್ಲ. ಹಾಗಾಗಿ ಆ ರಾತ್ರಿ ನನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದೆ. ನಂಜು ಎಂಬ ಪದವನ್ನು ಹಿಡಿದು ಹಿಂದಕ್ಕೆ ಹೋದೆ.

ನಂಜು ಎಂದರೆ ವಿಷ. ಹಾವಿನದೂ ನಂಜೇ, ಗಾಯಕ್ಕೆ ಏರುವುದೂ ನಂಜೇ. ಅದನ್ನು ಉಂಡವನು ನಂಜುಂಡ. ಇಂಥ ಪದವನ್ನು ಎದೆಹಾಲಿಗೆ ಅಂಟಿಸುವುದು ಎಷ್ಟು ಭಾರದ ಮಾತು ಎಂದು ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ. ಇನ್ನೂ ತಮಾಷೆಯೆಂದರೆ, ಅಜ್ಜಿ ಬಳಸಿದ ಪದವನ್ನೇ ವೈದ್ಯಶಾಸ್ತ್ರವೂ ಬಳಸಿದೆ. ನವಜಾತ ಶಿಶುಗಳ ಈ ಕೆಂಪಿಗೆ 1912ರಲ್ಲಿ ಆಸ್ಟ್ರಿಯಾದ ಮಕ್ಕಳ ವೈದ್ಯ ಕಾರ್ಲ್ ಲೈನರ್ ಕೊಟ್ಟ ಹೆಸರು 'ಎರಿಥೀಮಾ ಟಾಕ್ಸಿಕಮ್'. ಕನ್ನಡದಲ್ಲಿ ಹೇಳುವುದಾದರೆ 'ನಂಜಿನ ಕೆಂಪು'. ಆ ಗುಳ್ಳೆಗಳಲ್ಲಿ ವಿಷವೇನೂ ಇಲ್ಲ ಎಂದು ಆಮೇಲೆ ತಿಳಿಯಿತು, ಆದರೆ ಹೆಸರು ಹಾಗೇ ಉಳಿಯಿತು. ಇವತ್ತಿಗೂ ವೈದ್ಯ ವಿದ್ಯಾರ್ಥಿಗಳು ಅದನ್ನೇ ಬಾಯಿಪಾಠ ಮಾಡುತ್ತಾರೆ. ಅಜ್ಜಿಯೊಬ್ಬಳನ್ನೇ ಮೂಢಳು ಎನ್ನುವುದು ನ್ಯಾಯವಲ್ಲ.

ಇನ್ನೂ ಹಿಂದಕ್ಕೆ ಹೋದರೆ ಅಲ್-ರಾಝಿ ಸಿಗುತ್ತಾನೆ. ಸಿಡುಬು ಮತ್ತು ದಡಾರಗಳನ್ನು ಬೇರೆ ಬೇರೆಯಾಗಿ ವಿವರಿಸಿದ 10ನೇ ಶತಮಾನದ ಈ ಪರ್ಷಿಯನ್ ವೈದ್ಯನ ಪ್ರಕಾರ ಎಳೆ ಮಕ್ಕಳ ರಕ್ತ ಆಗಷ್ಟೇ ಹಿಂಡಿದ ದ್ರಾಕ್ಷಿರಸದ ಹಾಗೆ. ಅದು ಹುದುಗಿ ಪಕ್ವವಾಗುವಾಗ ಉಕ್ಕುವುದೇ ಸಿಡುಬು. ತಾಯಿಯ ಗರ್ಭದಲ್ಲಿ ಸೇರಿಕೊಂಡ ಕಶ್ಮಲ ಚರ್ಮದ ಮೂಲಕ ಹೊರಬರುತ್ತದೆ ಎಂಬ ಮಾತು ಅವನಿಂದೀಚೆಗೆ ಅರಬ್ ಮತ್ತು ಯುರೋಪಿನ ವೈದ್ಯದಲ್ಲಿ ಶತಮಾನಗಳ ಕಾಲ ನಡೆಯಿತು.

ನಮ್ಮ ಆಯುರ್ವೇದದ ಗ್ರಂಥಗಳಲ್ಲಿ ವಿಷಯ ಇನ್ನೂ ಕುತೂಹಲಕಾರಿ. ಮಗುವಿನ ಕುಂಡಿಯ ಸುತ್ತ ಆಗುವ ಕೆಂಪು ಹುಣ್ಣಿಗೆ, ಅಂದರೆ ನಾವು ಈಗ ಡೈಪರ್ ರ‍್ಯಾಶ್ ಅನ್ನುವುದಕ್ಕೆ, ಸುಶ್ರುತ ಕೊಡುವ ಹೆಸರು 'ಅಹಿಪೂತನ'. ಅದನ್ನು ಅವನು ಕ್ಷುದ್ರರೋಗಗಳ, ಎಂದರೆ ಸಣ್ಣಪುಟ್ಟ ಕಾಯಿಲೆಗಳ, ಸಾಲಿನಲ್ಲಿ ಇಡುತ್ತಾನೆ. ಕಾರಣವನ್ನೂ ನೇರವಾಗಿ ಹೇಳುತ್ತಾನೆ: ಮಲಮೂತ್ರ ಸರಿಯಾಗಿ ತೊಳೆಯದೆ, ಬೆವರು ಹಾಗೇ ಉಳಿದು ಆಗುವಂಥದ್ದು. ಇವತ್ತಿನ ಯಾವ ಮಕ್ಕಳ ವೈದ್ಯರೂ ಇದಕ್ಕಿಂತ ಬೇರೆ ಹೇಳಲಾರರು. ಆದರೆ ಚಿಕಿತ್ಸೆಗೆ ಬಂದಾಗ ಮೊದಲು ಹೇಳುವುದು ಹಾಲೂಡುವವಳ ಹಾಲನ್ನು ಶುದ್ಧಿ ಮಾಡುವ ಮಾತು! ತೊಳೆಯದೆ ಬಿಟ್ಟ ಮೈಗೂ ಹಾಲಿಗೂ ಏನು ಸಂಬಂಧ? ವಾಗ್ಭಟ ತನ್ನ ಅಷ್ಟಾಂಗಹೃದಯದಲ್ಲಿ ಇದೇ ರೋಗಕ್ಕೆ ಇರುವ ಬೇರೆ ಬೇರೆ ಹೆಸರುಗಳನ್ನು ಹೇಳುವಾಗ ಅವುಗಳಲ್ಲಿ ಒಂದು 'ಮಾತೃಕಾದೋಷ'. ಮಾತೃಕೆ ಎಂದರೆ ಮಕ್ಕಳನ್ನು ಹಿಡಿಯುವ ದೇವತೆಯೂ ಹೌದು, ತಾಯಿಯೂ ಹೌದು. ಯಾರ ದೋಷವೆಂದು ಹೆಸರು ಬಿಡಿಸಿ ಹೇಳುವುದಿಲ್ಲ.

ಈ ಎರಡು ದಾರಿಗಳು ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಕಾಣುವುದು ಕಾಶ್ಯಪ ಸಂಹಿತೆಯಲ್ಲಿ. ಮಕ್ಕಳ ವೈದ್ಯಕ್ಕೆ ಮೀಸಲಾದ ಈ ಪ್ರಾಚೀನ ಗ್ರಂಥದ ಮುರುಕು ಹಸ್ತಪ್ರತಿ ನೇಪಾಳದಲ್ಲಿ ಸಿಕ್ಕಿ, ಪಂಡಿತ ಹೇಮರಾಜ ಶರ್ಮರ ದೀರ್ಘ ಪೀಠಿಕೆಯೊಂದಿಗೆ 1938ರಲ್ಲಿ ಅಚ್ಚಾಯಿತು. ಅದರಲ್ಲೊಂದು ವೇದನಾಧ್ಯಾಯ ಇದೆ. ಮಾತು ಬಾರದ ಮಗುವಿಗೆ ಎಲ್ಲಿ ನೋವು ಎಂದು ತಿಳಿಯುವುದು ಹೇಗೆ? ಅದು ಕೈಯನ್ನು ಎಲ್ಲಿಗೆ ಒಯ್ಯುತ್ತದೆ, ಯಾವಾಗ ಮೊಲೆ ಬಿಡುತ್ತದೆ, ಹೇಗೆ ಅಳುತ್ತದೆ ಎಂದು ನೋಡಿ. ಮಗುವನ್ನೇ ನೋಡಿ ಕಲಿತವರು ಬರೆದ ಅಧ್ಯಾಯ ಅದು. ಅದೇ ಗ್ರಂಥದ ರೇವತೀಕಲ್ಪಕ್ಕೆ ಬಂದರೆ, ಹುಟ್ಟಿದ ಮಕ್ಕಳನ್ನು ಒಯ್ಯುವ ಜಾತಹಾರಿಣಿಯರು ಬರುತ್ತಾರೆ. ಅವರು ಯಾರ ಮನೆಗೆ ಬರುತ್ತಾರೆ? ಧರ್ಮ ತಪ್ಪಿದ, ನಡತೆ ಕೆಟ್ಟ ಹೆಂಗಸಿನ ಮನೆಗೆ. ಇಲ್ಲಿ ಪರೀಕ್ಷೆ ಮಗುವಿಗಲ್ಲ, ತಾಯಿಗೆ.

ಕನ್ನಡದಲ್ಲೂ ಈ ಪರಂಪರೆ ಇದೆ. ಸುಮಾರು 1200ರಲ್ಲಿದ್ದ ದೇವೇಂದ್ರಮುನಿ 'ಬಾಲಗ್ರಹಚಿಕಿತ್ಸೆ' ಬರೆದನೆಂದು ಕವಿಚರಿತೆ ಹೇಳುತ್ತದೆ. ಬಾಲಗ್ರಹ ಎಂದ ಕೂಡಲೇ ನಾವು ನಕ್ಕು ಮುಂದೆ ಹೋಗುತ್ತೇವೆ. ನಾನೂ ಹಾಗೇ ಮಾಡುತ್ತಿದ್ದೆ. ಸುಶ್ರುತ ಹೇಳುವ ಒಂಬತ್ತು ಗ್ರಹಗಳಲ್ಲಿ ಶಕುನಿ ಎಂಬುದರ ಲಕ್ಷಣ ಓದಿದ ಮೇಲೆ ನಗು ನಿಂತಿತು: ಮೈಯೆಲ್ಲ ಒಸರುವ ಹುಣ್ಣು, ಉರಿಯುವ ಕೀವುಗುಳ್ಳೆ, ಹಕ್ಕಿಯಂಥ ವಾಸನೆ, ಬೆಚ್ಚಿಬೀಳುವುದು, ಕೈಕಾಲು ಜೋತುಬೀಳುವುದು. ಇದು ಸೋಂಕು ತಗುಲಿ ಸಾವಿನ ಹತ್ತಿರ ಇರುವ ಕೂಸಿನ ಚಿತ್ರ. ಕಾರಣ ತಪ್ಪು, ನೋಟ ತಪ್ಪಲ್ಲ. ಕುಂಡಿಯ ಕೆಂಪನ್ನು ಸಣ್ಣ ರೋಗವೆಂದೂ ಜೋತುಬಿದ್ದ ಮಗುವಿನ ಗುಳ್ಳೆಯನ್ನು ಗ್ರಹವೆಂದೂ ಬೇರೆ ಮಾಡಿದ್ದೇ ದೊಡ್ಡ ವಿಷಯ.

ಮರುದಿನ ಮಚ್ಚೆಗಳು ಜಾಗ ಬದಲಿಸಿದ್ದವು. ಹೊಟ್ಟೆಯದು ಮಾಸಿ ಬೆನ್ನಿಗೆ, ಕೆನ್ನೆಗೆ ಬಂದಿದ್ದವು. ಅಜ್ಜಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಒಗ್ಗರಣೆ ನಿಂತಿತು. ಮುಡಿಪು ಕಟ್ಟಿ, ಶಿವಮೊಗ್ಗದ ಕೋಟೆ ಮಾರಿಕಾಂಬೆಗೆ ಮುಂದಿನ ಜಾತ್ರೆಯಲ್ಲಿ ಉಡಿ ತುಂಬಿಸುತ್ತೇನೆಂದು ಹರಕೆ ಹೊತ್ತಳು. ಆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಹೋದ ಸಲದ್ದು ಆಗತಾನೆ ಮುಗಿದಿತ್ತು. ಅಷ್ಟು ದೂರದ ಹರಕೆ ಹೊತ್ತಳೆಂದರೆ ಅವಳ ಭಯ ಬದನೆಕಾಯಿಯದಲ್ಲ ಎಂದು ಆಗ ಹೊಳೆಯಿತು.

ಅಂದು ಮಧ್ಯಾಹ್ನ ಅವಳ ಪಕ್ಕ ಕೂತು ಕೇಳಿದೆ. ಮೊದಲ ಸಲ ಪೂರ್ತಿ ಹೇಳಿದಳು.

ಅಜ್ಜ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಬೆಂಕಿಪುರವೆಂದಿದ್ದ ಊರು ಭದ್ರಾವತಿಯಾಗಿ, 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ ಮೇಲೆ ಎಲ್ಲೆಲ್ಲಿಂದಲೋ ಬಂದವರಿಂದ ತುಂಬಿದ ಊರು ಇದು. ಕಾರ್ಮಿಕರ ಮನೆಗಳು ಸಾಲುಸಾಲಾಗಿ ಗೋಡೆಗೆ ಗೋಡೆ ತಾಗಿದಂತೆ ಇದ್ದವು. ಅಂಥದ್ದೊಂದು ಸಾಲಿನಲ್ಲಿ, 1957ರಲ್ಲಿ, ಅಜ್ಜಿಗೆ ಮೊದಲ ಗಂಡುಮಗು ಹುಟ್ಟಿತು. ಅಮ್ಮನಿಗಿಂತ ಮುಂಚೆ ಒಬ್ಬ ಇದ್ದ ಎಂಬುದಷ್ಟೇ ನಮಗೆ ಗೊತ್ತಿತ್ತು. ಇಪ್ಪತ್ತನಾಲ್ಕನೇ ದಿನ ಮಗುವಿನ ಮೈ ಕೆಂಪಾಯಿತು, ಆಮೇಲೆ ನೀರುಗುಳ್ಳೆ. ಅಮ್ಮ ಬಂದಿದ್ದಾಳೆ ಎಂದರು. ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು. ಮೂರು ನೀರು ಹಾಕುವವರೆಗೂ ಅದು ಉಳಿಯಲಿಲ್ಲ.

"ನಾನು ಹಲಸಿನ ಹಣ್ಣು ತಿಂದಿದ್ದೆ ಕಣೇ," ಅಂದಳು ಅಜ್ಜಿ. "ಹಿತ್ತಲಿಂದ ಯಾರೋ ತಂದಿದ್ರು. ಎರಡೇ ತೊಳೆ. ಅತ್ತೆ ನೋಡಿಬಿಟ್ರು. ನಿನ್ನ ಬಾಯಿ ಚಪಲಕ್ಕೆ ಮಗನ್ನ ತಿಂದೆ ಅಂದ್ರು."

ನನ್ನ ಪ್ರಬಂಧಕ್ಕೆ ಮೂರು ವರ್ಷ ಕಡತ ಓದಿದ್ದೇನೆ. ಸಂಸ್ಥಾನದ ಲಸಿಕೆಯ ಕತೆ ಶುರುವಾಗುವುದು ರಾಣಿಯೊಬ್ಬಳ ತೋಳಿನಿಂದ. ಮುಮ್ಮಡಿ ಕೃಷ್ಣರಾಜ ಒಡೆಯರ ಚಿಕ್ಕ ವಯಸ್ಸಿನ ರಾಣಿ ದೇವಾಜಮ್ಮಣ್ಣಿಗೆ ಲಸಿಕೆ ಹಾಕಿಸಿ, ದಿವಾನ್ ಪೂರ್ಣಯ್ಯ 1806ರಲ್ಲಿ ಅದನ್ನು ಜನರಿಗೆ ಸಾರಿದರು. ಥಾಮಸ್ ಹಿಕ್ಕಿ ಬರೆದ ಮೂವರು ರಾಜಮನೆತನದ ಹೆಂಗಸರ ಚಿತ್ರವೊಂದಿದೆ. ಅದರಲ್ಲಿ ಸೆರಗು ಸರಿಸಿ ತೋಳು ತೋರಿಸುತ್ತಿರುವವಳು ಈ ರಾಣಿಯೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದ್ದಾರೆ. ಆಗ ಲಸಿಕೆ ಸೀಸೆಯಲ್ಲಿ ಬರುತ್ತಿರಲಿಲ್ಲ, ಮಕ್ಕಳ ಮೈಮೇಲೆ ಬರುತ್ತಿತ್ತು. ಒಂದು ಮಗುವಿನ ತೋಳಿಗೆ ಗೀರಿ, ಎಂಟನೇ ದಿನ ಅಲ್ಲಿ ತುಂಬಿ ನಿಂತ ಗುಳ್ಳೆಯನ್ನು ಒಡೆದು, ಅದರ ರಸವನ್ನು ಇನ್ನೊಂದು ಮಗುವಿಗೆ ಹಾಕಬೇಕು. 1802ರಲ್ಲಿ ಮುಂಬಯಿಯಲ್ಲಿ ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಹುಡುಗಿಯ ತೋಳಿನಿಂದ ಹೊರಟ ಸರಪಳಿ ದೇಶವೆಲ್ಲ ಹಬ್ಬಿತು. ಎಂಟನೇ ದಿನ ಮೈಲಿ ಹಾಕುವವನು ತಿರುಗಿ ಬರುತ್ತಾನೆಂದರೆ ತಾಯಂದಿರು ಮಗುವನ್ನು ಎತ್ತಿಕೊಂಡು ಬಚ್ಚಿಟ್ಟುಕೊಳ್ಳುತ್ತಿದ್ದರು. ಮಗುವಿನ ಮೈಯ ಸತ್ವ ತೆಗೆಯುತ್ತಾರೆಂಬ ಹೆದರಿಕೆ. ಸರ್ಕಾರದ ವರದಿಗಳು ಇದನ್ನು ಅಜ್ಞಾನ ಎಂದು ಬರೆದವು. ಆಮೇಲೆ ತೋಳಿನಿಂದ ತೋಳಿಗೆ ಹಾಕುವುದರಿಂದ ಬೇರೆ ರೋಗವೂ ದಾಟುತ್ತದೆ ಎಂದು ಗೊತ್ತಾಗಿ, ಕರುವಿನ ಮೈಯಿಂದ ಲಸಿಕೆ ತೆಗೆಯುವ ಪದ್ಧತಿ ಬಂತು. ಬೆಳಗಾವಿಯ ತಿಲಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂಬ ಜಾಗದ ಹೆಸರಿನಲ್ಲಿ ಆ ಕಾಲ ಇನ್ನೂ ಉಳಿದಿದೆ.

ಕಡತಗಳಲ್ಲಿ ಸಿಗದಿದ್ದದ್ದು ಎರಡು ತೊಳೆ ಹಲಸಿನ ಹಣ್ಣು.

ಅಜ್ಜಿಯನ್ನು ಕೇಳಿದೆ: "ತೊಟ್ಟಿಲಿಗೆ ಹಾಕಿದ್ದು ಯಾವತ್ತು?"

"ಹನ್ನೊಂದಕ್ಕೆ."

"ಅವತ್ತು ಬಂದವರಲ್ಲಿ ಯಾರ ಮನೇಲಾದರೂ ಅಮ್ಮ ಆಗಿತ್ತಾ?"

ಅವಳು ಬಹಳ ಹೊತ್ತು ಸುಮ್ಮನಿದ್ದಳು. "ಹಿಂದಿನ ಲೈನಲ್ಲಿ ಒಂದು ಮನೇಲಿ ಆಗಿತ್ತು. ಆ ಮನೆಯವಳು ಬಂದಿದ್ಳು. ಮೈ ಬಿಸಿ ಇದೆ ಅಂತಿದ್ಳು. ಮಗೂನ ಎತ್ಕೊಂಡಿದ್ಳು."

ಸಿಡುಬು ಮೈಗೆ ಸೇರಿ ಜ್ವರವಾಗಿ ಹೊರಬರಲು ಸಾಮಾನ್ಯವಾಗಿ 10ರಿಂದ 14 ದಿನ ಬೇಕು. ಹತ್ತಿರದಿಂದ ಉಸಿರಿನಲ್ಲಿ, ಬಟ್ಟೆಯಲ್ಲಿ ಬರುತ್ತದೆ. ಹನ್ನೊಂದಕ್ಕೆ ಹದಿಮೂರು ಕೂಡಿದರೆ ಇಪ್ಪತ್ತನಾಲ್ಕು. ಅರವತ್ತು ವರ್ಷ ದಾಟಿದ ನೆನಪಿನ ಮೇಲೆ ಕಟ್ಟಿದ ಲೆಕ್ಕ ಇದು, ಪ್ರಬಂಧದಲ್ಲಿ ಹಾಕಿದರೆ ಮಾರ್ಗದರ್ಶಕರು ಕೆಂಪು ಗೆರೆ ಎಳೆಯುತ್ತಾರೆ. ಆದರೂ ಅಜ್ಜಿಗೆ ಹೇಳಿದೆ. ಹಲಸಿನ ಹಣ್ಣಿನಿಂದ ಸಿಡುಬು ಬರುವುದಿಲ್ಲ, ಯಾರ ಹಾಲಿನಿಂದಲೂ ಬರುವುದಿಲ್ಲ ಎಂದೆ. ದೇಶದಲ್ಲಿ ಸಿಡುಬನ್ನು ಪೂರ್ತಿ ತೊಲಗಿಸುವ ಕಾರ್ಯಕ್ರಮ ಶುರುವಾದದ್ದೇ 1962ರಲ್ಲಿ, ನಿನ್ನ ಮಗ ಅದಕ್ಕಿಂತ ಐದು ವರ್ಷ ಮೊದಲು ಹುಟ್ಟಿದ್ದ ಎಂದೆ. 1975ರಲ್ಲಿ ಭಾರತದ ಕೊನೆಯ ಸಿಡುಬು ಮುಗಿಯಿತು, 1980ರಲ್ಲಿ ಲೋಕದಲ್ಲೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು, ಈಗ ಆ ಅಮ್ಮ ಯಾರ ಮನೆಗೂ ಬರುವುದಿಲ್ಲ ಎಂದೆ.

"ಈಗ ಹೇಳಿ ಏನು ಬಂತು," ಎಂದು ಎದ್ದು ಒಳಗೆ ಹೋದಳು.

ಸಂಜೆ ಇನ್ನೊಂದು ಎಡವಟ್ಟಾಯಿತು. ಭಾವ ಔಷಧಿ ಅಂಗಡಿಯೊಂದರಲ್ಲಿ ಕೇಳಿ ಒಂದು ಟ್ಯೂಬ್ ಮುಲಾಮು ತಂದರು. "ಎಲ್ಲದಕ್ಕೂ ಇದನ್ನೇ ಕೊಡೋದು" ಎಂದನಂತೆ ಅಂಗಡಿಯವನು. ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿದರೆ ಸ್ಟೀರಾಯ್ಡ್, ಶಿಲೀಂಧ್ರದ ಔಷಧಿ, ಆಂಟಿಬಯಾಟಿಕ್ ಮೂರೂ ಒಂದರಲ್ಲೇ. ಇಂಥ ಸ್ಟೀರಾಯ್ಡ್ ಮುಲಾಮುಗಳಲ್ಲಿ ಹಲವನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಸರ್ಕಾರ 2018ರಲ್ಲೇ ಹೇಳಿದೆ. ಕೂಸಿನ ತೆಳು ಚರ್ಮ ಸ್ಟೀರಾಯ್ಡನ್ನು ಬೇಗ ಹೀರಿಕೊಳ್ಳುತ್ತದೆ. ಅಜ್ಜಿಯ ಬೇವಿನ ಸೊಪ್ಪು ಬಾಗಿಲಲ್ಲಿ ಸುಮ್ಮನೆ ತೂಗುತ್ತಿತ್ತು. ಆ ಮನೆಯಲ್ಲಿ ಅವತ್ತು ನಿಜವಾಗಿ ಅಪಾಯಕಾರಿಯಾಗಿ ಇದ್ದದ್ದು ಅಂಗಡಿಯ ಟ್ಯೂಬ್ ಮಾತ್ರ.

ಮರುದಿನ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಶಿವಮೊಗ್ಗಕ್ಕೆ ಹೋದೆವು. ಅಜ್ಜಿಯೂ ಬಂದಳು. ಮಕ್ಕಳ ಡಾಕ್ಟರಮ್ಮ ಮಚ್ಚೆ ನೋಡುವ ಮೊದಲು ಕೇಳಿದ್ದು: "ಹಾಲು ಚೆನ್ನಾಗಿ ಕುಡೀತಾ ಇದೆಯಾ? ಎಬ್ಬಿಸಿದರೆ ಏಳುತ್ತಾ? ಅಳು ಜೋರಾಗಿದೆಯಾ? ಮೈ ಬಿಸಿ ಇತ್ತಾ, ತಣ್ಣಗಿತ್ತಾ?" ನನಗೆ ವೇದನಾಧ್ಯಾಯ ನೆನಪಾಯಿತು. ಎಲ್ಲದಕ್ಕೂ ಅಜ್ಜಿಯೇ ಉತ್ತರಿಸಿದಳು, ಮತ್ತು ಕರಾರುವಾಕ್ಕಾಗಿ. ರಾತ್ರಿ ಎಷ್ಟು ಸಲ ಎದ್ದಿತು, ಎಷ್ಟು ಸಲ ಒದ್ದೆ ಮಾಡಿತು, ಯಾವ ಮೊಲೆ ಬೇಗ ಹಿಡಿಯಿತು, ಎಲ್ಲ ಅವಳಿಗೆ ಗೊತ್ತಿತ್ತು. ಆಮೇಲೆ ಡಾಕ್ಟರಮ್ಮ ಮಗುವನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಗೈ ಅಂಗಾಲು ನೋಡಿದರು. ನಮ್ಮ ಮಕ್ಕಳ ಮೈಬಣ್ಣಕ್ಕೆ ಟ್ಯೂಬ್‌ಲೈಟಿನಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ ಎಂದರು. ಅಂಗೈ ಅಂಗಾಲಿನಲ್ಲಿ ಏನೂ ಇರಲಿಲ್ಲ. ಎರಿಥೀಮಾ ಟಾಕ್ಸಿಕಮ್ ಅಲ್ಲಿ ಸಾಮಾನ್ಯವಾಗಿ ಏಳುವುದಿಲ್ಲ.

ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟಕ್ಕೆ ಇದು ಬರುತ್ತದೆ. ಮೊದಲ ಎರಡು ಮೂರು ದಿನದಲ್ಲಿ ಎದ್ದು, ಜಾಗ ಬದಲಿಸುತ್ತ, ವಾರ ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ಹುಟ್ಟಿದ ಕೂಡಲೇ ಚರ್ಮದಲ್ಲಿ ನೆಲೆಸುವ ಸೂಕ್ಷ್ಮಜೀವಿಗಳಿಗೆ ಮೈ ತೋರುವ ಮೊದಲ ಪ್ರತಿಕ್ರಿಯೆ ಎಂಬುದು ಒಂದು ವಿವರಣೆ. ಔಷಧಿ ಬೇಡ, ಹಿಚುಕಬಾರದು, ಪೌಡರ್ ಬೇಡ. ತಾಯಿಯ ಊಟಕ್ಕೂ ಇದಕ್ಕೂ ಸಂಬಂಧವಿಲ್ಲ; ಊಟ ಕಡಿಮೆ ಮಾಡಿದರೆ ಸೊರಗುವವಳು ತಾಯಿ.

ಕತ್ತಿನ ಮಡಿಕೆಯಲ್ಲಿದ್ದ ಸಣ್ಣ ಗುಳ್ಳೆಗಳನ್ನು ಡಾಕ್ಟರಮ್ಮ ಬೇರೆಯಾಗಿ ತೋರಿಸಿದರು. ಅವು ಬೆವರುಸಾಲೆ. ಏಪ್ರಿಲ್ ತಿಂಗಳ ಭದ್ರಾವತಿಯಲ್ಲಿ ಕಿಟಕಿ ಮುಚ್ಚಿ, ಕೆಂಡ ಇಟ್ಟು, ಲೋಬಾನದ ಹೊಗೆ ಹಾಕಿ, ಉಲ್ಲನ್ ಟೋಪಿ ತೊಡಿಸಿದರೆ ಇನ್ನೇನಾಗುತ್ತದೆ? ಬೆವರಿನ ನಾಳ ಕಟ್ಟಿಕೊಳ್ಳುತ್ತದೆ. ತೆಳು ಹತ್ತಿ ಬಟ್ಟೆ, ಗಾಳಿ, ಇಷ್ಟೇ ಮದ್ದು. ಮೂಗಿನ ಮೇಲಿನ ಬಿಳಿ ಚುಕ್ಕಿಗಳು ತಾವೇ ಉದುರುತ್ತವೆ. ನೆತ್ತಿಯ ಮೇಲೆ ಹೊಟ್ಟು ಕಟ್ಟಿದರೆ ಎಣ್ಣೆ ಹಚ್ಚಿ ಮೆತ್ತಗೆ ಬಾಚಿ ತೊಳೆಯಿರಿ ಎಂದಾಗ ಅಜ್ಜಿ ನನ್ನ ಮುಖ ನೋಡಿದಳು, ಎಣ್ಣೆಗೆ ಒಂದಾದರೂ ಗೌರವ ಸಿಕ್ಕಿತಲ್ಲ ಎಂಬಂತೆ. ಕುಂಡಿಯ ಕೆಂಪಿಗೆ ಸುಶ್ರುತನ ಕಾರಣವೇ: ಒದ್ದೆಯನ್ನು ಕೂಡಲೇ ತೆಗೆದು, ನೀರಿನಲ್ಲಿ ತೊಳೆದು, ಒಣಗಿಸಿ, ಸ್ವಲ್ಪ ಹೊತ್ತು ಬಟ್ಟೆಯಿಲ್ಲದೆ ಬಿಡುವುದು, ಬೇಕಾದರೆ ಸತುವಿನ ಮುಲಾಮು.

ಹಾಗಂತ ಎಲ್ಲ ಗುಳ್ಳೆಯನ್ನೂ ಹೀಗೇ ಬಿಡುವಂತಿಲ್ಲ. ಮಗು ಮೊಲೆ ಬಿಟ್ಟರೆ, ಜೋತುಬಿದ್ದರೆ, ಮೈ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಥವಾ ತಣ್ಣಗಾದರೆ, ಉಸಿರು ಏದುಸಿರಾದರೆ, ಗುಳ್ಳೆಯಲ್ಲಿ ನೀರೋ ಕೀವೋ ತುಂಬಿ ಚರ್ಮ ಸುಲಿದರೆ, ಹೊಕ್ಕುಳ ಸುತ್ತ ಕೆಂಪು ಹರಡಿದರೆ, ಒತ್ತಿದರೂ ಮಾಸದ ನೇರಳೆ ಚುಕ್ಕೆ ಎದ್ದರೆ, ಹೊತ್ತಿಲ್ಲದ ಹೊತ್ತಾದರೂ ಸರಿ, ಆಸ್ಪತ್ರೆಗೆ ಹೋಗಬೇಕು. ಹುಟ್ಟುವಾಗಲೇ ಮೈಮೇಲೆ ಗುಳ್ಳೆ ಇದ್ದರೂ ಅಂಗೈ ಅಂಗಾಲಿನಲ್ಲಿ ಎದ್ದರೂ ತೋರಿಸಲೇಬೇಕು. ಡಾಕ್ಟರಮ್ಮ ಇದನ್ನು ಹೇಳುವಾಗ ನಾನು ಶಕುನಿಯ ಲಕ್ಷಣಗಳ ಜೊತೆ ಮನಸ್ಸಿನಲ್ಲೇ ತಾಳೆ ನೋಡುತ್ತಿದ್ದೆ. ಹಕ್ಕಿಯ ವಾಸನೆಯೊಂದು ಬಿಟ್ಟುಹೋಗಿತ್ತು.

ಹೊರಡುವಾಗ ಅಜ್ಜಿ ಬಾಗಿಲ ಹತ್ತಿರ ನಿಂತು ಕೇಳಿದಳು. "ಅಮ್ಮಾ, ಬಾಣಂತಿ ಹಲಸಿನ ಹಣ್ಣು ತಿಂದ್ರೆ ಕೂಸಿಗೆ ಏನಾದ್ರೂ ಆಗುತ್ತಾ?"

ಡಾಕ್ಟರಮ್ಮನಿಗೆ ಹಿಂದಿನ ಕತೆ ಗೊತ್ತಿರಲಿಲ್ಲ. ಮುಂದಿನ ಚೀಟಿ ನೋಡುತ್ತಲೇ ಹೇಳಿದರು: "ಏನೂ ಆಗಲ್ಲ ಅಜ್ಜಿ. ಹೆಚ್ಚು ತಿಂದ್ರೆ ಅವಳಿಗೇ ಹೊಟ್ಟೆ ಉಬ್ಬರಿಸಬಹುದು, ಅಷ್ಟೇ."

ಬಸ್ಸಿನಲ್ಲಿ ಅಜ್ಜಿ ಕಿಟಕಿ ಪಕ್ಕ ಕೂತಳು. ಭದ್ರಾವತಿ ಬರುವವರೆಗೂ ಮಾತಾಡಲಿಲ್ಲ. ಮನೆಗೆ ಬಂದು ಕಿಟಕಿಯ ಒಂದು ಬಾಗಿಲು ತೆರೆದಳು, ಇನ್ನೊಂದನ್ನು ಮುಚ್ಚೇ ಇಟ್ಟಳು. ಬೇವಿನ ಸೊಪ್ಪು ತೆಗೆಯಲಿಲ್ಲ. ರಾತ್ರಿ ಅಕ್ಕನ ತಟ್ಟೆಗೆ ಸೊಪ್ಪಿನ ಹುಳಿ ಬಡಿಸಿ, ಇನ್ನೊಂದು ಸೌಟು ಹಾಕಿ, ಅವಳು ಉಂಡು ಮುಗಿಸುವವರೆಗೂ ಎದುರಿಗೆ ಕೂತಿದ್ದಳು.